ಇನ್ನೂ ಆಗದ ಜಗಳದ ವರದಿ

ಮದ್ರಾಸಿನಲ್ಲಿ ಕೆಲಸ ಎಂದರೆ ನಮ್ಮೂರ ಕಡೆಯ ಹಳಬರಿಗೆ ಇವತ್ತಿಗೂ ಎರಡೇ: ಹೋಟೆಲು, ಇಲ್ಲವೇ ಸಿನಿಮಾ. ಅವರದೇನೂ ತಪ್ಪಿಲ್ಲ. ಕಡಂದಲೆಯ ಕೃಷ್ಣರಾಯರು ಅಡುಗೆಮನೆಯ ಕೆಲಸದಿಂದ ಶುರುಮಾಡಿ 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. 1962ರಲ್ಲಿ ಕೆಥೆಡ್ರಲ್ ರಸ್ತೆಯಲ್ಲಿ ಡ್ರೈವ್-ಇನ್ ಮಾಡಿ, ಕಾರಿನಿಂದ ಇಳಿಯದೆ ದೋಸೆ ತಿನ್ನುವ ಸುಖವನ್ನು ಊರಿಗೆಲ್ಲ ಹತ್ತಿಸಿದರು. ‘ಬೇಡರ ಕಣ್ಣಪ್ಪ’ 1954ರಲ್ಲಿ ತಯಾರಾದದ್ದು ಇಲ್ಲೇ. ರಾಜಕುಮಾರರೂ ಬಹಳ ವರ್ಷ ಇಲ್ಲೇ ಮನೆ ಮಾಡಿಕೊಂಡಿದ್ದರು. ಆಮೇಲೆ ಸಿನಿಮಾದವರು ಬೆಂಗಳೂರಿಗೆ ಗಂಟುಮೂಟೆ ಕಟ್ಟಿದರು. ಡ್ರೈವ್-ಇನ್ 2008ರಲ್ಲಿ ಮುಚ್ಚಿ, ಆ ಜಾಗದಲ್ಲೀಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಉಳಿದ ಕನ್ನಡಿಗರು ಟಿ. ನಗರದ ಕರ್ನಾಟಕ ಸಂಘದಲ್ಲಿ ನವೆಂಬರ್ ತಿಂಗಳಲ್ಲಿ ಒಬ್ಬರನ್ನೊಬ್ಬರು ಕಂಡು, ಇಷ್ಟೊಂದು ಜನ ಇದ್ದೇವಾ ಎಂದು ಆಶ್ಚರ್ಯಪಟ್ಟು ಮನೆಗೆ ಹೋಗುತ್ತಾರೆ.

ನಾನು ಹೋಟೆಲಿನವನೂ ಅಲ್ಲ, ಸಿನಿಮಾದವನೂ ಅಲ್ಲ. ಹೀಗಾಗಿ ಊರಿಗೆ ಹೋದಾಗ ದೊಡ್ಡಪ್ಪನಿಗೆ ಲೆಕ್ಕ ಕೊಡಬೇಕಾಗುತ್ತದೆ.

“ಮದ್ರಾಸಿನಲ್ಲಿ ನೀನು ಮಾಡುವ ಕೆಲಸ ಎಂಥದ್ದು ಮಾರಾಯ?”

“ಕಂಪ್ಯೂಟರಿನ ಒಳಗೆ ಬೀಗಗಳಿರುತ್ತವೆ ದೊಡ್ಡಪ್ಪ. ಅವು ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳದ ಹಾಗೆ ನೋಡಿಕೊಳ್ಳುವುದು.”

“ಈಗ ಸಿಕ್ಕಿಹಾಕಿಕೊಂಡಿವೆಯಾ?”

“ಇಲ್ಲ. ಮುಂದೆ ಯಾವತ್ತಾದರೂ ಸಿಕ್ಕಿಹಾಕಿಕೊಳ್ಳಬಹುದು.”

“ಬಹುದು ಅನ್ನುವುದಕ್ಕೆ ಸಂಬಳ ಕೊಡುತ್ತಾರಾ?”

“ತಿಂಗಳು ತಿಂಗಳು ಕೊಡುತ್ತಾರೆ.”

ದೊಡ್ಡಪ್ಪ ಅಡಕೆ ಹೋಳನ್ನು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಅಗಿದರು. “ಹಾಗಾದರೆ ಜೋಯಿಸರ ಕಸುಬು ಅನ್ನು” ಎಂದರು. ನನ್ನ ಕೆಲಸವನ್ನು ಇಷ್ಟು ಚುಟುಕಾಗಿ ನಮ್ಮ ಮ್ಯಾನೇಜರೂ ಹೇಳಿದ್ದಿಲ್ಲ.

ನಾನು ಹೇಳಿದ ಬೀಗಗಳಿರುವುದು ಕರ್ನಲಿನಲ್ಲಿ. ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಂನ ತೀರಾ ಒಳಗಿನ ಭಾಗ. ನೀವು ಫೋಟೋ ತೆಗೆಯಿರಿ, ಹಣ ಕಳಿಸಿ, ಮೊಮ್ಮಗುವಿನ ವಿಡಿಯೋ ಹತ್ತನೇ ಸಲ ನೋಡಿ, ಅಡಿಯಲ್ಲಿ ದುಡಿಯುವುದು ಅದೇ. ಆಂಡ್ರಾಯ್ಡ್ ಫೋನಾದರೆ ಅದು ಲಿನಕ್ಸ್ ಕರ್ನಲ್. ಎಲ್ಲ ಡ್ರೈವರುಗಳನ್ನೂ ಸೇರಿಸಿದರೆ ಅದರ ಪ್ರೋಗ್ರಾಂ ಮೂರು ಕೋಟಿ ಸಾಲು ದಾಟುತ್ತದೆ. ಫೋನಿನೊಳಗೆ ಸಾಮಾನ್ಯವಾಗಿ ಎಂಟು ಸಿಪಿಯು ಕೋರ್‌ಗಳಿರುತ್ತವೆ, ದೊಡ್ಡ ಸರ್ವರಿನಲ್ಲಿ ನೂರಾರು. ಎಲ್ಲವೂ ಒಂದೇ ಮೆಮೊರಿಯೊಳಗೆ ಕೈಯಾಡಿಸುತ್ತವೆ. ತೆರೆದಿರುವ ಫೈಲುಗಳ ಪಟ್ಟಿಯನ್ನು ಎರಡು ಕೋರ್‌ಗಳು ಒಂದೇ ಗಳಿಗೆಯಲ್ಲಿ ತಿದ್ದಿದರೆ ಪಟ್ಟಿ ಹರಿದುಹೋಗುತ್ತದೆ. ಅದಕ್ಕೇ ಪ್ರತಿಯೊಂದು ಪಟ್ಟಿಗೂ ಒಂದು ಲಾಕ್. ತಿದ್ದುವವನು ಮೊದಲು ಲಾಕ್ ಹಿಡಿಯಬೇಕು, ತಿದ್ದಿ ಬಿಡಬೇಕು. ಅಲ್ಲಿಯತನಕ ಉಳಿದವರು ಕಾಯಬೇಕು.

ಲಿನಕ್ಸ್ ಒಂದಕ್ಕಿಂತ ಹೆಚ್ಚು ಸಿಪಿಯು ಇರುವ ಯಂತ್ರಗಳ ಮೇಲೆ ಓಡಲು ಕಲಿತದ್ದು 1996ರ 2.0 ಆವೃತ್ತಿಯಲ್ಲಿ. ಆಗ ಇಡೀ ಕರ್ನಲಿಗೆ ಒಂದೇ ಲಾಕ್, ಹೆಸರು ಬಿಗ್ ಕರ್ನಲ್ ಲಾಕ್. ಕರ್ನಲಿನಲ್ಲಿ ಯಾರಾದರೂ ಒಬ್ಬರಿದ್ದರೆ ಮಿಕ್ಕವರೆಲ್ಲ ಹೊರಗೆ. ಒಂದೇ ಲಾಕ್ ಇದ್ದ ಕಾಲದಲ್ಲಿ ನೆಮ್ಮದಿಯಿತ್ತು, ವೇಗವಿರಲಿಲ್ಲ. ವೇಗ ಬೇಕೆಂದು ಆ ದೊಡ್ಡ ಲಾಕನ್ನು ಒಡೆದು ಸಣ್ಣ ಸಣ್ಣ ಲಾಕುಗಳನ್ನು ಮಾಡುತ್ತಾ ಹೋದರು. ಕೊನೆಗೆ ಅರ್ನ್ಡ್ ಬರ್ಗ್‌ಮನ್ 2011ರಲ್ಲಿ ಅದರ ಅವಶೇಷವನ್ನೂ ಕಿತ್ತುಹಾಕುವ ಹೊತ್ತಿಗೆ ಕರ್ನಲಿನ ತುಂಬ ಸಾವಿರಾರು ಬಗೆಯ ಲಾಕುಗಳು ತುಂಬಿಕೊಂಡಿದ್ದವು. ನೆಮ್ಮದಿ ಹೋಗಿ ನಮಗೆ ಉದ್ಯೋಗ ಬಂತು.

ಎರಡು ಲಾಕ್ ಇದ್ದ ಕಡೆ ಡೆಡ್‌ಲಾಕ್ ಹುಟ್ಟಬಹುದು. ಒಬ್ಬ ಮೊದಲನೆಯದನ್ನು ಹಿಡಿದು ಎರಡನೆಯದಕ್ಕೆ ಕಾಯುತ್ತಾನೆ, ಇನ್ನೊಬ್ಬ ಎರಡನೆಯದನ್ನು ಹಿಡಿದು ಮೊದಲನೆಯದಕ್ಕೆ ಕಾಯುತ್ತಾನೆ. ಇಬ್ಬರೂ ಸಭ್ಯರು, ಇಬ್ಬರದೂ ನ್ಯಾಯವಾದ ಬೇಡಿಕೆ, ಇಬ್ಬರೂ ಪ್ರಳಯದತನಕ ಕಾಯುತ್ತಾರೆ. ಫೋನಿನ ಪರದೆ ಮಾತ್ರ ಕದಲುವುದಿಲ್ಲ. ನೀವು ಬಟನ್ ಒತ್ತಿ ಹಿಡಿದು, ಕಂಪನಿಯವರ ಮನೆತನವನ್ನೆಲ್ಲ ನೆನೆದು, ಆಫ್ ಮಾಡಿ ಆನ್ ಮಾಡುತ್ತೀರಿ.

ಡಚ್ಚರ ಎಡ್ಸ್ಗರ್ ಡೈಕ್‌ಸ್ಟ್ರಾ 1965ರಲ್ಲಿ ಇದರ ಮೇಲೊಂದು ಪರೀಕ್ಷೆಯ ಪ್ರಶ್ನೆ ಮಾಡಿದರು. ಅದೇ ಮುಂದೆ ಊಟಕ್ಕೆ ಕೂತ ಐವರು ತತ್ತ್ವಜ್ಞಾನಿಗಳ ಕಥೆಯಾಯಿತು. ದುಂಡು ಮೇಜು, ಐದು ತಟ್ಟೆ, ಐದೇ ಫೋರ್ಕು. ಉಣ್ಣಲು ಒಬ್ಬೊಬ್ಬರಿಗೂ ಎರಡೆರಡು ಬೇಕು. ಎಲ್ಲರೂ ಒಮ್ಮೆಲೇ ಎಡಗಡೆಯದನ್ನು ಎತ್ತಿಕೊಂಡರೆ ಐವರೂ ಉಪವಾಸ. ಐಐಟಿ ಮದ್ರಾಸಿನ ಚೆಸ್ಟರ್ ರೆಬೇರೊ ಅವರ ಎನ್‌ಪಿಟಿಇಎಲ್ ಆನ್‌ಲೈನ್ ಪಾಠಗಳಿಂದ ಆಪರೇಟಿಂಗ್ ಸಿಸ್ಟಂ ಕಲಿತ ಹುಡುಗರು ನಮ್ಮ ತಂಡದಲ್ಲಿದ್ದಾರೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಈ ಕಥೆ ಹೇಳುತ್ತಾರೆ. ನನಗೆ ಮೊದಲಿನಿಂದಲೂ ಒಂದು ತಕರಾರಿದೆ. ಬಾಳೆಲೆಯ ಮುಂದೆ ಕೂತು ಬಲಗೈಯೊಂದರಲ್ಲೇ ಸಾರನ್ನೂ ಪಾಯಸವನ್ನೂ ನಿಭಾಯಿಸುವ ನಾಡಿನಲ್ಲಿ ಈ ಸಮಸ್ಯೆ ಹುಟ್ಟುತ್ತಲೇ ಇರಲಿಲ್ಲ. ನಮ್ಮ ಪಂಕ್ತಿಯ ತತ್ತ್ವಜ್ಞಾನಿಗಳಿಗೆ ಹಸಿವಿನ ಕಾರಣ ಬಡಿಸುವವನು, ಪಕ್ಕದವನಲ್ಲ.

1971ರಲ್ಲಿ ಕಾಫ್‌ಮನ್ ಮತ್ತು ಇನ್ನಿಬ್ಬರು ಸೇರಿ, ಡೆಡ್‌ಲಾಕ್ ಆಗಬೇಕಾದರೆ ನಾಲ್ಕು ಷರತ್ತುಗಳು ಒಟ್ಟಿಗೇ ಕೂಡಿಬರಬೇಕೆಂದು ತೋರಿಸಿದರು. ನಾಲ್ಕನ್ನೂ ಇಲ್ಲಿ ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ನಮಗೆ ಬೇಕಾದದ್ದು ಕೊನೆಯದು: ಕಾಯುವವರ ಸಾಲು ಸುತ್ತಿಕೊಂಡು ಬಂದು ಚಕ್ರವಾಗಬೇಕು. ಎಲ್ಲರೂ ಲಾಕುಗಳನ್ನು ಒಂದೇ ಕ್ರಮದಲ್ಲಿ ಹಿಡಿದರೆ ಚಕ್ರ ಆಗುವುದೇ ಇಲ್ಲ. ಮೂರು ಕೋಟಿ ಸಾಲನ್ನು ಬರೆದ ಸಾವಿರಾರು ಜನ, ಬೇರೆ ಬೇರೆ ದೇಶದಲ್ಲಿ ಕೂತು, ಒಂದೇ ಕ್ರಮವನ್ನು ಪಾಲಿಸುತ್ತಾರೆ ಎಂದು ನಂಬುವುದು ಹೇಗೆ ಎಂಬುದಷ್ಟೇ ಪ್ರಶ್ನೆ.

ಈ ಪ್ರಶ್ನೆಗೆ ಮದ್ರಾಸು ಅಪರಿಚಿತ ಊರೇನಲ್ಲ. ಮಧ್ಯ ಕೈಲಾಶದ ಹತ್ತಿರ ಶುರುವಾಗುವ ಹಳೇ ಮಹಾಬಲಿಪುರಂ ರಸ್ತೆಯನ್ನು ಈಗ ಎಲ್ಲರೂ ಓಎಂಆರ್ ಎನ್ನುತ್ತಾರೆ. 2000ದಲ್ಲಿ ಟೈಡೆಲ್ ಪಾರ್ಕ್ ತೆರೆದ ಮೇಲೆ ಅದು ಸಾಫ್ಟ್‌ವೇರಿನ ರಸ್ತೆ. ಅದರ ಈ ಕಡೆ, ತರಮಣಿಯಲ್ಲಿ, ಅಲ್ಲಾಡಿ ರಾಮಕೃಷ್ಣನ್ 1962ರಲ್ಲಿ ಶುರುಮಾಡಿದ ಮ್ಯಾಟ್‌ಸೈನ್ಸ್ ಸಂಸ್ಥೆಯಿದೆ. (ಕೃಷ್ಣರಾಯರ ಡ್ರೈವ್-ಇನ್ ಕೂಡ ಅದೇ ವರ್ಷದ್ದು. ಎರಡರಲ್ಲಿ ಯಾವುದರಿಂದ ನಾಡಿಗೆ ಹೆಚ್ಚು ಉಪಕಾರವಾಯಿತೆಂದು ನಾನು ತೀರ್ಪು ಕೊಡಲಾರೆ.) ಆ ಕಡೆ, ಸಿರುಸೇರಿಯಲ್ಲಿ, ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್, ಅದು ಹುಟ್ಟಿದ್ದು 1989ರಲ್ಲಿ, ಬೆಳೆದದ್ದು ಟಿ. ನಗರದ ಜಿ.ಎನ್. ಚೆಟ್ಟಿ ರಸ್ತೆಯಲ್ಲಿ. ಒಟ್ಟೊಟ್ಟಿಗೆ ನಡೆಯುವ ಕೆಲಸಗಳು ಎಲ್ಲಿ ಸಿಕ್ಕಿಕೊಳ್ಳುತ್ತವೆ ಎಂಬುದನ್ನು ಗಣಿತದಲ್ಲಿ ಕಟ್ಟಿಕೊಡುವ ಶಾಸ್ತ್ರವನ್ನು ಪಿ.ಎಸ್. ತ್ಯಾಗರಾಜನ್, ಕಮಲ್ ಲೋಡಾಯ, ಮಾಧವನ್ ಮುಕುಂದ್ ಮುಂತಾದವರು ಈ ಎರಡು ಸಂಸ್ಥೆಗಳಲ್ಲಿ ದಶಕಗಟ್ಟಲೆ ಬೆಳೆಸಿದ್ದಾರೆ. ಡೆಡ್‌ಲಾಕ್ ಇಲ್ಲವೆಂದು ಸಾಧಿಸಿ ತೋರಿಸುವವರು ರಸ್ತೆಯ ಎರಡು ತುದಿಯಲ್ಲಿ, ಡೆಡ್‌ಲಾಕ್ ತಯಾರಿಸುವ ನಾವು ಮಧ್ಯದಲ್ಲಿ. ಅವರ ಗಣಿತದಲ್ಲಿ ಯಾವ ಲೋಪವೂ ಇಲ್ಲ. ಆದರೆ ಇಡೀ ಕರ್ನಲನ್ನು ಅದರ ಮುಂದೆ ಇಡಲು ಹೋದರೆ ಪರೀಕ್ಷಿಸಬೇಕಾದ ಸ್ಥಿತಿಗಳ ಸಂಖ್ಯೆ ಊಹೆ ಮೀರಿ ಉಬ್ಬುತ್ತದೆ. ನಮಗೆ ಬೇಕಾಗಿದ್ದದ್ದು ಅಷ್ಟು ಓದಿರದ, ಆದರೆ ಕಣ್ಣು ಮುಚ್ಚದ ಯಾರೋ ಒಬ್ಬರು.

ಅಂಥವರೊಬ್ಬರು ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲೇ ಕೂತಿದ್ದರು.

ನಾವಿರುವುದು ತೊರೈಪಾಕ್ಕಂನಲ್ಲಿ. ಓಎಂಆರ್ ಕಡೆಯ ಬಹಳಷ್ಟು ಕಟ್ಟಡಗಳ ಹಾಗೆ ನಮ್ಮದೂ ಲಾರಿ ನೀರಿನ ಮೇಲೆ ಬದುಕುವ ಕಟ್ಟಡ. 2019ರ ಬೇಸಿಗೆಯಲ್ಲಿ ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ, ನಾಲ್ಕೂ ಕೆರೆಗಳು ಬತ್ತಿದವು. ಜುಲೈಯಲ್ಲಿ ಜೋಲಾರ್‌ಪೇಟೆಯಿಂದ ವಿಲ್ಲಿವಾಕ್ಕಂಗೆ ಐವತ್ತು ವ್ಯಾಗನ್ನಿನ ರೈಲು ನೀರು ಹೊತ್ತು ಬಂತು, ಒಂದು ಸಲಕ್ಕೆ 25 ಲಕ್ಷ ಲೀಟರು. ಅದು ಕಾವೇರಿಯ ನೀರು. ಕಾವೇರಿ ರೈಲು ಹತ್ತಿ ಬಂದದ್ದನ್ನು ಕಂಡ ಕನ್ನಡಿಗ ನಾನು. ಆ ನೀರಿನ ಕಾಫಿ ಹೇಗಿತ್ತು ಎಂದು ಕೇಳಿದರೆ, ಯಾವ ರಾಜ್ಯದಲ್ಲಿ ನಿಂತು ಕೇಳುತ್ತಿದ್ದೀರಿ ಎಂಬುದರ ಮೇಲೆ ನನ್ನ ಉತ್ತರ.

ನಮ್ಮ ಸಂಪಿನ ಮುಚ್ಚಳಕ್ಕೆ ಬೀಗ ಬಿದ್ದದ್ದು ಆ ಬೇಸಿಗೆಯಲ್ಲಿ. ಮೋಟರ್ ರೂಮಿಗೆ ಮೊದಲಿನಿಂದಲೂ ಬೀಗವಿತ್ತು. ಎರಡು ಕೀಲಿಕೈಗಳೂ ವಾಚ್‌ಮನ್ ಅಣ್ಣನ ಗೂಡಿನ ಗೋಡೆಯಲ್ಲಿ, ಎರಡು ಮೊಳೆಗೆ. ಲಾರಿಯ ಕ್ಲೀನರ್ ಹುಡುಗ ಬಂದರೆ ಮೊದಲು ಸಂಪಿನ ಕೀಲಿಕೈ ಇಸಿದುಕೊಳ್ಳುತ್ತಾನೆ, ಪೈಪು ಇಳಿಬಿಡುತ್ತಾನೆ. ನೀರು ಬೀಳುವಾಗ ಮೋಟರ್ ಓಡಿದರೆ ತಳದ ಕೆಸರು ಮೇಲಿನ ಟ್ಯಾಂಕಿಗೆ ಹೋಗುತ್ತದೆಂದು, ಅದನ್ನು ನಿಲ್ಲಿಸಲು ಮೋಟರ್ ರೂಮಿನ ಕೀಲಿಕೈ ಕೇಳುತ್ತಾನೆ. ನಮ್ಮ ಸೆಕ್ರೆಟರಿ ಮಾಮಾ ಬೆಳಗಿನ ಜಾವ ವಿಭೂತಿ ಹಚ್ಚಿಕೊಂಡು ಬಂದವರೇ ಮೋಟರ್ ರೂಮಿನ ಕೀಲಿಕೈ ತೆಗೆದುಕೊಳ್ಳುತ್ತಾರೆ. ಸ್ವಿಚ್ ಹಾಕುವ ಮೊದಲು ಸಂಪಿನಲ್ಲಿ ಎಷ್ಟು ನೀರಿದೆಯೆಂದು ನೋಡಬೇಕಲ್ಲ, ಆಗ ಸಂಪಿನದನ್ನು ಕೇಳುತ್ತಾರೆ. ಕೆಲಸ ಮುಗಿಯುವತನಕ ಇಬ್ಬರೂ ಕೈಯಲ್ಲಿರುವುದನ್ನು ಬಿಡುವವರಲ್ಲ. ಹುಡುಗನಿಗೆ ಮುಂದಿನ ಟ್ರಿಪ್ಪಿನ ಅವಸರ, ಮಾಮಾಗೆ ಪದವಿಯ ಘನತೆ.

ವಾಚ್‌ಮನ್ ಅಣ್ಣ ಹಿಂದೆ ಯಾವುದೋ ಗೋಡೌನಿನಲ್ಲಿ ಲೆಕ್ಕ ಬರೆದವರು. ಗೆರೆ ಹಾಕಿದ ನೋಟುಬುಕ್ಕಿನಲ್ಲಿ ಬರೆದಿಡುವುದು ಅವರಿಗೆ ಚಟ. ಯಾರು ಯಾವ ಕೀಲಿಕೈ ಒಯ್ದರು ಎಂದು ಎಲ್ಲರೂ ಬರೆದಾರು. ಇವರು ಇನ್ನೊಂದು ಕಾಲಂ ಹಾಕಿದ್ದರು: ಇದನ್ನು ಕೇಳುವಾಗ ಅವರ ಕೈಯಲ್ಲಿ ಆಗಲೇ ಯಾವುದಿತ್ತು. ಆ ಕಾಲಮ್ಮಿನಲ್ಲಿ ಒಂದು ಸೋಮವಾರ ‘ಸಂಪು ಇದೆ, ಮೋಟರ್ ಬೇಕು’ ಎಂದು ಬಿತ್ತು. ಬೇರೆಯೇ ವಾರ, ಬೇರೆಯೇ ಹೊತ್ತಿನಲ್ಲಿ, ‘ಮೋಟರ್ ಇದೆ, ಸಂಪು ಬೇಕು’ ಎಂದು ಬಿತ್ತು. ಅಣ್ಣ ಪೆನ್ನು ಕೆಳಗಿಟ್ಟು, ಅಸೋಸಿಯೇಷನ್ ಮೀಟಿಂಗಿಗೆ ಬಂದು ಹೇಳಿದರು: “ಸಾರ್, ಇನ್ನಿಕ್ಕಿ ಇಲ್ಲೆ. ಆನಾ ಒರು ನಾಳ್ ಮಾಟ್ಟಿಕ್ಕುವಾಂಗ.” ಇವತ್ತಲ್ಲದಿದ್ದರೂ ಒಂದು ದಿನ ಸಿಕ್ಕಿಕೊಳ್ಳುತ್ತಾರೆ.

“ಇಲ್ಲಿಯವರೆಗೆ ಎಷ್ಟು ಸಲ ಆಗಿದೆ?” ಸೆಕ್ರೆಟರಿ ಮಾಮಾ ಕೇಳಿದರು.

“ಒಂದು ಸಲವೂ ಇಲ್ಲ ಸಾರ್.”

“ಮತ್ತೆ ಅಜೆಂಡಾದಲ್ಲಿ ಯಾಕೆ ಬಂತು?” ಎಂದು ಸಭೆ ಪಾರ್ಕಿಂಗ್ ವಿಷಯಕ್ಕೆ ಹೊರಳಿತು. ಪಾರ್ಕಿಂಗ್ ಜಗಳ ಆಗಲೇ ಆಗಿತ್ತಾದ್ದರಿಂದ ಅದಕ್ಕೆ ಮರ್ಯಾದೆ ಹೆಚ್ಚು.

ನಾನು ಮಾತ್ರ ಕೂತಲ್ಲೇ ಬೆವತೆ. ಯಾಕೆಂದರೆ ಈ ಮನುಷ್ಯ ಮಾಡಿದ್ದು, ಇಂಗೊ ಮೋಲ್ನಾರ್ ಮತ್ತು ಅರ್ಯನ್ ವಾನ್ ದೆ ವೆನ್ ಎಂಬಿಬ್ಬರು ಲಿನಕ್ಸ್ ಕರ್ನಲಿನೊಳಗೆ ಮಾಡಿದ್ದನ್ನೇ. ಅವರ ಉಪಕರಣದ ಹೆಸರು ಲಾಕ್‌ಡೆಪ್. 2006ರ ಸೆಪ್ಟೆಂಬರಿನಲ್ಲಿ 2.6.18ನೇ ಕರ್ನಲಿನ ಜೊತೆ ಬಂತು. ಕರ್ನಲ್ ಓಡುತ್ತಿರುವಾಗ ಯಾರು ಯಾವ ಲಾಕ್ ಹಿಡಿದರೂ, ಆ ಹೊತ್ತಿಗೆ ಅವರ ಕೈಯಲ್ಲಿ ಇನ್ನಾವ ಲಾಕುಗಳಿದ್ದವು ಎಂದು ಅದು ಬರೆದುಕೊಳ್ಳುತ್ತದೆ. ಇದರ ನಂತರ ಅದು, ಅದರ ನಂತರ ಮತ್ತೊಂದು, ಹೀಗೆ ಬಾಣದ ಗುರುತುಗಳ ಒಂದು ದೊಡ್ಡ ಬಲೆ ಕಟ್ಟುತ್ತದೆ. ಹೊಸ ಬಾಣವೊಂದು ಬಂದು ಎಲ್ಲಾದರೂ ಚಕ್ರ ಕೂಡಿತೋ, ಆ ಕ್ಷಣ ಕೂಗುತ್ತದೆ. ಚಕ್ರದ ಒಂದು ಬಾಣ ಬೂಟ್ ಆಗುವಾಗ ಬಿದ್ದಿರಬಹುದು, ಇನ್ನೊಂದು ಮರುದಿನ ಪೆನ್‌ಡ್ರೈವ್ ಕೀಳುವಾಗ. ಎರಡೂ ಒಟ್ಟಿಗೆ ಆಗಬೇಕಾಗಿಲ್ಲ, ಒಂದೊಂದು ಸಲ ಬಿಡಿಬಿಡಿಯಾಗಿ ಆದರೆ ಸಾಕು. ಅದರ ಸೊಗಸೆಲ್ಲ ಇರುವುದು ಇಲ್ಲಿ. ನಿಜವಾದ ಡೆಡ್‌ಲಾಕ್ ನಡೆಯಬೇಕಾದರೆ ಇಬ್ಬರು ಒಂದೇ ಮೈಕ್ರೋಸೆಕೆಂಡಿನಲ್ಲಿ ಎದುರುಬದುರಾಗಬೇಕು. ಪರೀಕ್ಷೆಯ ಕೊಠಡಿಯಲ್ಲಿ ವರ್ಷಗಟ್ಟಲೆ ಅದು ಆಗದೇ ಇರಬಹುದು, ಗಿರಾಕಿಯ ಮನೆಯಲ್ಲಿ ಮೊದಲ ದಿನವೇ ಆಗಬಹುದು. ಲಾಕ್‌ಡೆಪ್ ಆ ಗಳಿಗೆಗಾಗಿ ಕಾದು ಕೂರುವುದಿಲ್ಲ. ದೊಡ್ಡಪ್ಪನ ಜೋಯಿಸರಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಇದು ಗ್ರಹ ನೋಡುವುದಿಲ್ಲ, ನೀವೇ ನಡೆದ ದಾರಿಯನ್ನು ನಿಮ್ಮ ಮುಂದೆ ಹರಡುತ್ತದೆ.

ಅದು ಲಾಕುಗಳನ್ನು ಒಂದೊಂದಾಗಿ ಲೆಕ್ಕ ಇಡುವುದಿಲ್ಲ, ಅದೂ ಜಾಣತನವೇ. ಮೆಮೊರಿಯಲ್ಲಿ ಲಕ್ಷಾಂತರ ಫೈಲುಗಳ ವಿವರವಿದ್ದು ಒಂದೊಂದಕ್ಕೂ ಒಂದು ಲಾಕ್ ಇದ್ದರೂ, ಅವೆಲ್ಲ ಒಂದೇ ವರ್ಗ. ಇಂಥ ವರ್ಗಗಳು ಎಂಟು ಸಾವಿರ ಚಿಲ್ಲರೆವರೆಗೆ, ಒಬ್ಬನ ಕೈಯಲ್ಲಿ ಒಮ್ಮೆಗೆ 48 ಲಾಕುಗಳವರೆಗೆ ಅದು ಲೆಕ್ಕ ಇಡಬಲ್ಲದು. ಒಮ್ಮೆ ಪರೀಕ್ಷಿಸಿದ ಸರಪಳಿಗೆ 64 ಬಿಟ್ಟಿನ ಒಂದು ಗುರುತು ಹಾಕಿಟ್ಟುಕೊಂಡು, ಅದೇ ಸರಪಳಿ ಮತ್ತೆ ಬಂದರೆ ‘ನೋಡಿದ್ದೇನೆ, ಹೋಗು’ ಎಂದು ಬಿಡುತ್ತದೆ.

ಕೂಗುವ ರೀತಿಯನ್ನು ನೀವು ನೋಡಬೇಕು. ಮೊದಲ ಸಾಲು: ‘ವಾರ್ನಿಂಗ್: ಪಾಸಿಬಲ್ ಸರ್ಕ್ಯುಲರ್ ಲಾಕಿಂಗ್ ಡಿಪೆಂಡೆನ್ಸಿ ಡಿಟೆಕ್ಟೆಡ್’. ಕೆಳಗೆ, ಇಂಥವನು ಇಂಥ ಲಾಕ್ ಕೇಳುತ್ತಿದ್ದಾನೆ. ಆದರೆ ಇಂಥದ್ದು ಆಗಲೇ ಇವನ ಕೈಯಲ್ಲಿದೆ. ಅದಕ್ಕೂ ಇದಕ್ಕೂ ಮೊದಲೇ ನಂಟಿದೆ. ಆಮೇಲೆ ಆ ನಂಟು ಯಾವಾಗ, ಯಾವ ಫಂಕ್ಷನ್ನಿನಲ್ಲಿ, ಯಾರಿಂದ ಯಾರ ಮೂಲಕ ಬೆಳೆಯಿತೆಂದು ಹಿಂದುಮುಂದಾಗಿ ಪುಟಗಟ್ಟಲೆ. ಅದರ ಕೆಳಗೆ ಒಂದು ಪುಟ್ಟ ಕೋಷ್ಟಕ: ಎಡಗಡೆ ಸಿಪಿಯು ಸೊನ್ನೆ, ಬಲಗಡೆ ಸಿಪಿಯು ಒಂದು. ಎಡದವನು ಒಂದು ಲಾಕ್ ಹಿಡಿದ, ಬಲದವನು ಎರಡು ಹಿಡಿಯಲು ಹೋದ, ಎಡದವನು ಇನ್ನೊಂದು ಕೇಳಿದ. ಅದರಡಿ, ಆಚೆ ಮೂರು ನಕ್ಷತ್ರ ಈಚೆ ಮೂರು ನಕ್ಷತ್ರ ಹಾಕಿ, ‘ಡೆಡ್‌ಲಾಕ್’. ಇಷ್ಟೆಲ್ಲ ಆರ್ಭಟದ ನಡುವೆ ಯಂತ್ರ ತಣ್ಣಗೆ ಓಡುತ್ತಲೇ ಇರುತ್ತದೆ. ಹಾಡು ನಿಂತಿರುವುದಿಲ್ಲ, ಇಲಿಯ ಬಾಣ ಕೂಡ ಸರಾಗ ಓಡಾಡುತ್ತಿರುತ್ತದೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಇದನ್ನು ಮೊದಲ ಸಲ ಕಂಡಾಗ, “ಸಾರ್, ಇದು ಸುಮ್ಮನೆ ಹೆದರಿಸುತ್ತಿದೆಯಾ?” ಎಂದು ಕೇಳಿದಳು.

ಲಾಕ್‌ಡೆಪ್ ಇನ್ನೂ ಒಂದು ಬಗೆಯ ಪೇಚನ್ನು ಹಿಡಿಯುತ್ತದೆ: ತನ್ನಿಂದ ತಾನೇ ಸಿಕ್ಕಿಬೀಳುವುದು. ಒಂದು ಸಿಪಿಯು ಸ್ಪಿನ್‌ಲಾಕ್ (ಸಿಗುವತನಕ ನಿಂತಲ್ಲೇ ಸುತ್ತುತ್ತಾ ಕಾಯಿಸುವ ಲಾಕ್) ಹಿಡಿದು ಕೆಲಸ ಮಾಡುತ್ತಿರುವಾಗ ನೆಟ್‌ವರ್ಕ್ ಕಾರ್ಡಿನಿಂದ ಇಂಟರಪ್ಟ್, ಅಂದರೆ ‘ಮೊದಲು ನನ್ನನ್ನು ನೋಡು’ ಎಂಬ ಕರೆ, ಬಂತು. ಸಿಪಿಯು ಕೈಯಲ್ಲಿದ್ದ ಕೆಲಸ ಅರ್ಧಕ್ಕೆ ಬಿಟ್ಟು ಇಂಟರಪ್ಟಿನ ಕೋಡಿಗೆ ಓಡುತ್ತದೆ. ಆ ಕೋಡು ಅದೇ ಲಾಕ್ ಕೇಳಿದರೆ? ಲಾಕ್ ಬಿಡಬೇಕಾದವನು ಇದೇ ಸಿಪಿಯುವಿನಲ್ಲಿ ಕೆಳಗೆ ಬಿದ್ದಿದ್ದಾನೆ, ಮೇಲೆ ಕೂತವನು ಕಾಯುತ್ತಿದ್ದಾನೆ. ಮುಗಿಯಿತು. ಇದಕ್ಕಾಗಿ ಲಾಕ್‌ಡೆಪ್ ಪ್ರತಿಯೊಂದು ವರ್ಗದ ಲಾಕನ್ನೂ ಇಂಟರಪ್ಟಿನಲ್ಲಿ ಹಿಡಿದದ್ದುಂಟೇ, ಇಂಟರಪ್ಟ್ ತೆರೆದಿಟ್ಟು ಹಿಡಿದದ್ದುಂಟೇ ಎಂದು ಗುರುತಿಟ್ಟಿರುತ್ತದೆ. ಎರಡೂ ಉಂಟಾದರೆ ಕೂಗು.

ಕೆಲವು ಕಡೆ ಕ್ರಮವನ್ನು ಕರ್ನಲೇ ಬುದ್ಧಿವಂತಿಕೆಯಿಂದ ಹಾಕಿಟ್ಟಿದೆ. ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಫೈಲ್ ಸಾಗಿಸುವುದು ನಿಮಗೆ ಇಲಿ ಎಳೆದಷ್ಟು ಸುಲಭ. ಕರ್ನಲ್ ಮಾತ್ರ ಎರಡೂ ಫೋಲ್ಡರುಗಳ ಲಾಕ್ ಹಿಡಿಯಬೇಕು. ಹಿಡಿಯುವ ಮೊದಲು ಒಂದರ ವಂಶದಲ್ಲಿ ಇನ್ನೊಂದು ಬರುತ್ತದೆಯೇ ಎಂದು ಮೇಲಿನವರೆಗೆ ಹತ್ತಿ ನೋಡುತ್ತದೆ. ಬಂದರೆ ಹಿರಿಯರ ಲಾಕ್ ಮೊದಲು. ಎರಡೂ ಒಂದೇ ವರ್ಗದ ಲಾಕುಗಳಾದ್ದರಿಂದ ಲಾಕ್‌ಡೆಪ್‌ಗೆ ಗೊಂದಲವಾಗದಿರಲೆಂದು, ‘ಇದು ತಂದೆಯದು, ಇದು ಮಗುವಿನದು’ ಎಂದು ಕೋಡಿನಲ್ಲೇ ಬರೆದು ಹೇಳಬೇಕು. ಈ ಸೌಲಭ್ಯದ ದುರುಪಯೋಗವೂ ಉಂಟು. ಕೂಗು ಕೇಳಲಾರದೆ, ಸುಳ್ಳು ನಂಟು ಬರೆದು ಬಾಯಿ ಮುಚ್ಚಿಸಿದ ಕೋಡನ್ನು ನಾನು ಕಂಡಿದ್ದೇನೆ. ಬರೆದವರ ಹೆಸರು ಹೇಳುವುದಿಲ್ಲ. ಅವರಿಗೆ ಆ ವರ್ಷ ಬಡ್ತಿ ಸಿಕ್ಕಿತು.

ಅನುಮಾನಕ್ಕೂ ಒಂದು ಮಿತಿ ಬೇಕು ಎಂಬುದೂ ನಿಜ. ಹಿಡಿದವನೇ ಬಿಡಬೇಕೆಂಬ ನಿಯಮವಿಲ್ಲದ ಕಾಯುವಿಕೆಗಳೂ ಕರ್ನಲಿನಲ್ಲಿವೆ. ಒಬ್ಬ ಕಾಯುತ್ತಾನೆ, ಬೇರೊಬ್ಬ ಬಂದು ‘ಆಯಿತು’ ಎನ್ನುತ್ತಾನೆ. ಅವನ್ನೂ ಬಲೆಗೆ ಸೇರಿಸೋಣ ಎಂದು ಬ್ಯುಂಗ್‌ಚುಲ್ ಪಾರ್ಕ್ ಎಂಬ ಕೊರಿಯಾದ ಪ್ರೋಗ್ರಾಮರ್ ಕ್ರಾಸ್-ರಿಲೀಸ್ ಎಂಬ ವಿಸ್ತರಣೆ ಬರೆದರು. 2017ರಲ್ಲಿ 4.14ನೇ ಕರ್ನಲಿಗೆ ಸೇರಿತು. ಸುಳ್ಳು ಕೂಗುಗಳು ಎಷ್ಟು ಹೆಚ್ಚಾದವೆಂದರೆ, ಮುಂದಿನ 4.15ರಲ್ಲೇ ತೆಗೆದುಹಾಕಿದರು. ನನಗೆ ಆ ನಿರ್ಧಾರದ ಮೇಲೆ ಸಿಟ್ಟಿಲ್ಲ. ದಿನಕ್ಕೆ ನಾಲ್ಕು ಸಲ ಕೂಗುವ ಕಾವಲುಗಾರನ ಐದನೆಯ ಕೂಗಿಗೆ ಯಾರೂ ಎದ್ದು ಬರುವುದಿಲ್ಲ.

ಹಾಗಂತ ‘ಇದುವರೆಗೆ ಆಗಿಲ್ಲ’ ಎಂಬ ಸೆಕ್ರೆಟರಿ ಮಾಮಾನ ನ್ಯಾಯವನ್ನು ನಾನು ಒಪ್ಪಲಾರೆ. ಅದಕ್ಕೆ 2014ರ ಒಂದು ಉದಾಹರಣೆ ಕೊಡುತ್ತೇನೆ. ಕಂಪ್ಯೂಟರ್ ಓಡುತ್ತಿರುವಾಗಲೇ ಒಂದು ಸಿಪಿಯುವನ್ನು ಕಳಚುವ, ಮತ್ತೆ ಸೇರಿಸುವ ವ್ಯವಸ್ಥೆ ಲಿನಕ್ಸಿನಲ್ಲಿದೆ. ಲ್ಯಾಪ್‌ಟಾಪ್ ಮುಚ್ಚಿ ಮಲಗಿಸಿದಾಗಲೂ ಒಂದನ್ನು ಬಿಟ್ಟು ಉಳಿದ ಸಿಪಿಯುಗಳು ಇದೇ ದಾರಿಯಲ್ಲಿ ಆಫ್ ಆಗುತ್ತವೆ. ಸಿಪಿಯು ಬಂದಾಗ ಹೋದಾಗ ತಮಗೆ ತಿಳಿಸಿ ಎಂದು ಕರ್ನಲಿನ ಬೇರೆ ಬೇರೆ ಭಾಗಗಳು ಹೆಸರು ಬರೆಸಿಡುತ್ತವೆ. ಬರೆಸುವ ಸಹಜ ವಿಧಾನ ಹೀಗಿತ್ತು: ಮೊದಲು ಸಿಪಿಯುಗಳ ಸಂಖ್ಯೆ ಬದಲಾಗದಂತೆ ತಡೆಹಿಡಿ, ಈಗಿರುವ ಒಂದೊಂದಕ್ಕೂ ಬೇಕಾದ ಸಿದ್ಧತೆ ಮಾಡು, ಆಮೇಲೆ ಹೆಸರು ಬರೆಸು. ಓದಿದರೆ ಎಷ್ಟು ಅಚ್ಚುಕಟ್ಟು! ಆದರೆ ತಡೆಹಿಡಿಯುವುದಕ್ಕೆ ಒಂದು ಲಾಕ್, ಹೆಸರು ಬರೆಸುವುದಕ್ಕೆ ಇನ್ನೊಂದು. ಸಿಪಿಯು ಕಳಚುವವನು ಅವೇ ಎರಡನ್ನು ತಲೆಕೆಳಗಾದ ಕ್ರಮದಲ್ಲಿ ಹಿಡಿಯುತ್ತಿದ್ದ. ಆಗ ಐಬಿಎಂನಲ್ಲಿದ್ದ ಶ್ರೀವತ್ಸ ಭಟ್ ಇದನ್ನು ಎಳೆ ಎಳೆಯಾಗಿ ಬಿಡಿಸಿ ತೋರಿಸಿ, ಹೆಸರು ಬರೆಸಲು ಸುರಕ್ಷಿತವಾದ ಹೊಸ ವಿಧಾನ ಕೊಟ್ಟರು. ಅಷ್ಟಕ್ಕೆ ಬಿಡದೆ, ಹಳೆಯ ನಮೂನೆ ಹರಡಿಕೊಂಡಿದ್ದ ಹತ್ತಾರು ಕಡೆ ಒಂದೊಂದಾಗಿ ತಿದ್ದಿದರು. ಒಳ್ಳೊಳ್ಳೆಯ ಪ್ರೋಗ್ರಾಮರುಗಳು ವರ್ಷಗಟ್ಟಲೆ ಒಬ್ಬರನ್ನು ನೋಡಿ ಒಬ್ಬರು ಬರೆದ ಕೋಡು ಅದು. ಹೆಚ್ಚಿನವರ ಯಂತ್ರದಲ್ಲಿ ಅದು ಒಂದು ಸಲವೂ ಸಿಕ್ಕಿಕೊಂಡಿರಲಿಕ್ಕಿಲ್ಲ. ಇಂಥ ಕೆಲಸಕ್ಕೆ ಸನ್ಮಾನ ಸಮಾರಂಭ ನಡೆಯುವುದಿಲ್ಲ. ಆಗದೇ ಹೋದ ಹ್ಯಾಂಗಿಗೆ ಫೋಟೋ ಎಲ್ಲಿಂದ ತರುವುದು?

ನಮ್ಮ ಕಟ್ಟಡದ ವಿಷಯಕ್ಕೆ ಬಂದರೆ, ಮೀಟಿಂಗಿನಲ್ಲಿ ಕೈಯೆತ್ತಿದವನ ತಲೆಗೇ ಕೆಲಸ ಎಂಬ ಅಸೋಸಿಯೇಷನ್ ಸಂಪ್ರದಾಯದಂತೆ ಕೀಲಿಕೈ ಉಸ್ತುವಾರಿ ನನಗೆ ಬಂತು. ಎರಡೂ ಬೇಕಾದವರು ಮೋಟರ್ ರೂಮಿನದನ್ನೇ ಮೊದಲು ತೆಗೆದುಕೊಳ್ಳಬೇಕು ಎಂದು ತಮಿಳಿನಲ್ಲಿ ಬೋರ್ಡು ಬರೆಸಿದೆ. ಎರಡನ್ನೂ ಒಂದೇ ರಿಂಗಿಗೆ ಹಾಕಿದರೆ ಆಗದೇ ಎಂದು ಟ್ರೆಶರರ್ ಮಾಮಿ ಕೇಳಿದರು. ಆಗುತ್ತದೆ. ಅದೇ ಬಿಗ್ ಕರ್ನಲ್ ಲಾಕ್. ಅದನ್ನು ತೆಗೆಯಲು ಹದಿನೈದು ವರ್ಷ ಹಿಡಿಯಿತು ಎಂದು ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಮಾಮಿಯ ಎದುರು ವಾದಿಸಿ ಗೆದ್ದವರು ಕಟ್ಟಡದಲ್ಲಿ ಇನ್ನೂ ಇಲ್ಲ.

ಇಷ್ಟು ಒಳ್ಳೆಯ ಕಾವಲುಗಾರನಿದ್ದೂ ನಿಮ್ಮ ಫೋನಿನಲ್ಲಿ ಅವನು ಎಚ್ಚರವಾಗಿಲ್ಲ. ಪ್ರತಿ ಲಾಕಿಗೂ ಲೆಕ್ಕ ಬರೆಯುತ್ತಾ ಕೂತರೆ ಯಂತ್ರ ನಿಧಾನವಾಗುತ್ತದೆಂದು, ಜನರ ಕೈಗೆ ಹೋಗುವ ಕರ್ನಲಿನಲ್ಲಿ ಲಾಕ್‌ಡೆಪ್ ಆಫ್ ಮಾಡಿಯೇ ಕಳಿಸುವುದು. ಅದು ಓಡುವುದು ನಮ್ಮಂಥವರ ಮೇಜಿನ ಮೇಲೆ, ಫೆಡೋರಾದಂಥವರು ಕೊಡುವ ಡಿಬಗ್ ಕರ್ನಲಿನಲ್ಲಿ, ಮತ್ತು ಗೂಗಲ್‌ನವರ ಸಿಜ್‌ಬಾಟ್ ಎಂಬ ಯಂತ್ರಗಳಲ್ಲಿ. ಸಿಜ್‌ಬಾಟ್ 2017ರಿಂದ ಹಗಲು ರಾತ್ರಿ ಕರ್ನಲಿಗೆ ಚಿತ್ರವಿಚಿತ್ರ ಕೆಲಸ ಹೇಳಿ, ಲಾಕ್‌ಡೆಪ್ ಕೂಗಿದ್ದನ್ನೆಲ್ಲ ಬರೆದವರ ವಿಳಾಸಕ್ಕೆ ತಲುಪಿಸುತ್ತದೆ. ಅಂದರೆ ಬಲೆ ಎಷ್ಟು ಗಟ್ಟಿಯಾಗುತ್ತದೆ ಎಂಬುದು, ಎಷ್ಟು ಜನ ತಮ್ಮ ಕೋಡನ್ನು ಲಾಕ್‌ಡೆಪ್ ಹಾಕಿಕೊಂಡು ಓಡಿಸುತ್ತಾರೆ ಎಂಬುದರ ಮೇಲೇ ನಿಂತಿದೆ. ಓಡದ ದಾರಿಯ ಬಗ್ಗೆ ಅದಕ್ಕೆ ಏನೂ ಗೊತ್ತಿರುವುದಿಲ್ಲ.

ಅದಕ್ಕೇ, ಈ ಪುಟವನ್ನು ಓದುತ್ತಿರುವವರಲ್ಲಿ ಇಂಜಿನಿಯರಿಂಗ್ ಕಲಿಯುವ ಮಕ್ಕಳಿದ್ದರೆ ಒಂದು ಮಾತು. ಕರ್ನಲಿಗೆ ಚಿಕ್ಕದೊಂದು ಡ್ರೈವರ್ ಬರೆದರೂ ಸರಿ, ಬಿಲ್ಡ್ ಮಾಡುವಾಗ ‘ಕಾನ್ಫಿಗ್ ಪ್ರೂವ್ ಲಾಕಿಂಗ್’ ಎಂಬ ಆಯ್ಕೆಯನ್ನು ಆನ್ ಮಾಡಿ. ಯಂತ್ರ ಎಮ್ಮೆಯಾಗುತ್ತದೆ, ಸಹಿಸಿಕೊಳ್ಳಿ. ಕಾರ್ಡು ಸೇರಿಸಿ, ಕೀಳಿ, ಲ್ಯಾಪ್‌ಟಾಪ್ ಮಲಗಿಸಿ ಎಬ್ಬಿಸಿ, ನಿಮ್ಮ ಕೋಡಿನ ಎಲ್ಲ ಓಣಿಗಳಲ್ಲೂ ಒಂದೊಂದು ಸಲ ಓಡಾಡಿ, ಆಮೇಲೆ ಲಾಗ್ ತೆರೆದು ನೋಡಿ. ಕೂಗು ಕಂಡರೆ, ಅದು ನಿಮ್ಮದಲ್ಲ, ಪಕ್ಕದವನ ಡ್ರೈವರಿನದು ಎನಿಸಿದರೂ, ಮೊದಲು ಅದನ್ನೇ ಸರಿಮಾಡಿ ಅಥವಾ ಮಾಡಿಸಿ. ಲಾಕ್‌ಡೆಪ್ ನಮ್ಮ ಮಾಮಿಯಂತಲ್ಲ. ಒಮ್ಮೆ ಕೂಗಿದ ಮೇಲೆ ಅದು ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಮತ್ತೆ ಬೂಟ್ ಮಾಡುವತನಕ ಎರಡನೆಯ ದೂರು ಬರುವುದಿಲ್ಲ.